ಗೊಮ್ಮಟನ ಪಾದದ ಬಳಿಯ ಒಂದು ಸಾಲು

ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ ಮಾನವನ್ನು ಗುರುತಿಸುವುದು ಬಹಳ ಕಷ್ಟ. ಕ್ರೋಧ ಬಂದರೆ ಕಣ್ಣು ಕೆಂಪೇರುತ್ತದೆ, ಧ್ವನಿ ಏರುತ್ತದೆ. ಲೋಭವನ್ನು ಕೈ ತೋರಿಸಿಕೊಡುತ್ತದೆ. ಮಾನ ಮಾತ್ರ ಒಮ್ಮೆ ಸ್ವಾಭಿಮಾನದ, ಒಮ್ಮೆ ಆತ್ಮವಿಶ್ವಾಸದ, ಕೆಲವೊಮ್ಮೆ ವಿನಯದ ವೇಷವನ್ನೇ ಧರಿಸಿ ಒಳಗೆ ಬಂದು ಕುಳಿತುಕೊಳ್ಳುತ್ತದೆ. ಆದ್ದರಿಂದಲೇ ಧರ್ಮದಲ್ಲಿ ಶ್ರದ್ಧೆಯುಳ್ಳ ಅನೇಕ ಶ್ರಾವಕ-ಶ್ರಾವಕಿಯರಿಗೆ ಲೌಕಿಕ ವೃತ್ತಿಯಲ್ಲಿ ಒಂದು ಸಂಕಟ ಎದುರಾಗುತ್ತದೆ. ಕೆಲಸಕ್ಕೆ ಅರ್ಜಿ ಹಾಕುವಾಗ, ಸಂದರ್ಶನದಲ್ಲಿ ಕುಳಿತಾಗ, ವರ್ಷದ ಕೊನೆಗೆ ಮೇಲಧಿಕಾರಿಯ ಮುಂದೆ ಲೆಕ್ಕ ಒಪ್ಪಿಸುವಾಗ ತಾನು ಮಾಡಿದ್ದನ್ನು ತಾನೇ ಹೇಳಬೇಕಾಗುತ್ತದೆ. ಹೇಳಿದರೆ ಆತ್ಮಪ್ರಶಂಸೆಯ ದೋಷ ತಟ್ಟೀತೆಂಬ ಭಯ. ಹೇಳದಿದ್ದರೆ ದುಡಿಮೆ ಅಜ್ಞಾತವಾಗಿ ಉಳಿದು, ಅದರ ಫಲ ಬೇರೆಯವರ ಪಾಲಾಗುವ ನೋವು.

ಹೇಳಿಕೊಳ್ಳುವುದಕ್ಕೂ ಕೊಚ್ಚಿಕೊಳ್ಳುವುದಕ್ಕೂ ನಡುವಿನ ಗೆರೆ ಎಲ್ಲಿದೆ? ನಮ್ಮ ಶಾಸ್ತ್ರಗಳು ಈ ಪ್ರಶ್ನೆಯನ್ನು ಸೂಕ್ಷ್ಮವಾಗಿ ವಿಚಾರಿಸಿವೆ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸಿದ್ದಾರೆ. ಪರರನ್ನು ನಿಂದಿಸುವುದು, ತನ್ನನ್ನು ಹೊಗಳಿಕೊಳ್ಳುವುದು, ಪರರಲ್ಲಿ ಇರುವ ಗುಣಗಳನ್ನು ಮುಚ್ಚುವುದು, ತನ್ನಲ್ಲಿ ಇಲ್ಲದ ಗುಣಗಳನ್ನು ಪ್ರಕಟಪಡಿಸುವುದು ಎಂಬ ನಾಲ್ಕನ್ನೂ ಅವರು ಒಟ್ಟಿಗೆ ಇಟ್ಟಿರುವುದು ಗಮನಾರ್ಹ. ಅದರ ಮುಂದಿನ ಸೂತ್ರದಲ್ಲಿ ಇವುಗಳಿಗೆ ವಿರುದ್ಧವಾದ ನಡತೆ, ನಮ್ರವಾದ ವರ್ತನೆ ಮತ್ತು ಉಬ್ಬದಿರುವಿಕೆ ಉಚ್ಚಗೋತ್ರಕ್ಕೆ ಕಾರಣವೆಂದು ಹೇಳಿದ್ದಾರೆ. ಇರುವ ಗುಣ ಮತ್ತು ಇಲ್ಲದ ಗುಣ ಎಂಬ ಭೇದವನ್ನು ಆಚಾರ್ಯರು ಇಲ್ಲಿ ಬಿಟ್ಟುಕೊಟ್ಟಿಲ್ಲ. ಹೊಗಳಿಕೆಯ ದಾಹ, ಪರರ ಕೀಳರಿಮೆ, ಇಲ್ಲದ್ದರ ಘೋಷಣೆ ಈ ಮೂರೂ ಸೇರಿದಾಗ ಮಾತು ದೋಷಪೂರ್ಣವಾಗುತ್ತದೆ. ಆದ ಸಂಗತಿಯನ್ನು ಆದಂತೆ, ಉಬ್ಬದೆ, ಯಾರನ್ನೂ ಕೆಳಗೆ ತಳ್ಳದೆ ಹೇಳುವುದು ಸತ್ಯವ್ರತದ ಒಳಗೇ ನಿಲ್ಲುತ್ತದೆ.

ಈ ತತ್ತ್ವವನ್ನು ಜೀವನದಲ್ಲಿ ನೋಡಬೇಕಾದರೆ ನಮಗೆ ದೂರ ಹೋಗಬೇಕಾಗಿಲ್ಲ. ಹತ್ತನೆಯ ಶತಮಾನದ ಗಂಗವಾಡಿಯಲ್ಲಿ ಬಾಳಿದ ಚಾವುಂಡರಾಯನ ಬದುಕು ಮತ್ತು ಅವನು ಬಿಟ್ಟುಹೋದ ಬರಹಗಳು ಕಣ್ಣೆದುರಿಗಿವೆ.

ಖಡ್ಗ ಹಿಡಿದ ಶ್ರಾವಕ

ಚಾವುಂಡರಾಯನು ಬ್ರಹ್ಮಕ್ಷತ್ರ ಕುಲದವನು. ತಲಕಾಡಿನ ಪಶ್ಚಿಮ ಗಂಗ ಅರಸರಾದ ಇಮ್ಮಡಿ ಮಾರಸಿಂಹ ಮತ್ತು ಅವನ ನಂತರದ ನಾಲ್ವಡಿ ರಾಚಮಲ್ಲರ ಕಾಲದಲ್ಲಿ ಮಂತ್ರಿಯಾಗಿ, ಸೇನಾಪತಿಯಾಗಿ ಸೇವೆ ಸಲ್ಲಿಸಿದವನು. ಆ ಕಾಲ ಶಾಂತವಾದದ್ದಾಗಿರಲಿಲ್ಲ. ಗಂಗರಿಗೆ ಆಶ್ರಯವಾಗಿದ್ದ ರಾಷ್ಟ್ರಕೂಟ ಸಾಮ್ರಾಜ್ಯವು 973ರಲ್ಲಿ ಕುಸಿದುಬಿತ್ತು. ಅದರ ಮರು ವರ್ಷದ ಸುಮಾರಿಗೆ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ಅನೇಕ ಯುದ್ಧಗಳನ್ನು ಗೆದ್ದ ಅರಸನೊಬ್ಬನು ಅನ್ನಪಾನಗಳನ್ನೂ ಬಿಟ್ಟು ಗುರುಪಾದದಲ್ಲಿ ಮುಡಿಪಾದುದು ಅವನ ಸೇನಾಪತಿಯ ಕಾಲದಲ್ಲೇ ನಡೆದ ಘಟನೆ. ಅದೇ ಅಜಿತಸೇನರು ಚಾವುಂಡರಾಯನಿಗೂ ಗುರುಗಳು.

ಮಾರಸಿಂಹನ ನಂತರ ಗಂಗ ಸಿಂಹಾಸನದ ಸುತ್ತ ಕಲಹಗಳು ಎದ್ದವು. ಅಂಥ ಸಮಯದಲ್ಲಿ ರಾಚಮಲ್ಲನ ಪಕ್ಕದಲ್ಲಿ ಅಚಲವಾಗಿ ನಿಂತವನು ಚಾವುಂಡರಾಯ. ಸೈನ್ಯ ಕೈಯಲ್ಲಿದ್ದರೂ ಅವನು ಕೊನೆಯವರೆಗೆ ಮಂತ್ರಿಯಾಗಿಯೇ ಉಳಿದನು. ರಾಯ ಎಂಬ ಬಿರುದು ಅವನಿಗೆ ಅರಸನಿಂದಲೇ ಬಂದಿತೆಂದು ಪರಂಪರೆ ಹೇಳುತ್ತದೆ.

ಯುದ್ಧಭೂಮಿಯಲ್ಲಿ ಬದುಕಿದ ಈ ಮನುಷ್ಯನು ಗುರುಗಳ ಮುಂದೆ ಶಿಷ್ಯನಾಗಿ ಕುಳಿತವನೂ ಹೌದು. ಸಿದ್ಧಾಂತ ಚಕ್ರವರ್ತಿ ನೇಮಿಚಂದ್ರಾಚಾರ್ಯರು ಒಮ್ಮೆ ಧವಲ ಸಿದ್ಧಾಂತ ಗ್ರಂಥವನ್ನು ಅಧ್ಯಯನ ಮಾಡುತ್ತಿದ್ದಾಗ ಚಾವುಂಡರಾಯನು ಬಂದನೆಂದೂ, ಗೃಹಸ್ಥರ ಎದುರಿಗೆ ಅದನ್ನು ಓದಬಾರದೆಂಬ ನಿಯಮದಂತೆ ಆಚಾರ್ಯರು ಗ್ರಂಥವನ್ನು ಮುಚ್ಚಿದರೆಂದೂ ಒಂದು ಐತಿಹ್ಯವಿದೆ. ಗಂಗ ಸಾಮ್ರಾಜ್ಯದ ಸೇನಾಪತಿಯೆಂಬ ಅಧಿಕಾರ ಅಲ್ಲಿ ನಡೆಯಲಿಲ್ಲ. ಅವನು ಅಸಮಾಧಾನಗೊಳ್ಳದೆ, ಗೃಹಸ್ಥನಾದ ತನಗೆ ತಿಳಿಯುವಂತೆ ಆ ವಿಷಯವನ್ನು ಹೇಳಿಕೊಡಬೇಕೆಂದು ಪ್ರಾರ್ಥಿಸಿದನು. ಅದರ ಫಲವಾಗಿ ಆಚಾರ್ಯರು ಆ ಮಹಾಸಿದ್ಧಾಂತದ ಸಾರವನ್ನು ಪ್ರಾಕೃತ ಗಾಹೆಗಳಲ್ಲಿ ಸಂಗ್ರಹಿಸಿದರು. ಗೊಮ್ಮಟನೆಂಬುದು ಚಾವುಂಡರಾಯನ ಇನ್ನೊಂದು ಹೆಸರು. ಆ ಹೆಸರಿನಿಂದಲೇ ಗ್ರಂಥಕ್ಕೆ ಗೊಮ್ಮಟಸಾರವೆಂಬ ಹೆಸರು ಬಂದಿತು.

ಆ ಗ್ರಂಥದ ಜೀವಕಾಂಡದಲ್ಲಿ ಮಾನಕಷಾಯದ ವಿವರಣೆ ಬರುತ್ತದೆ. ತೀವ್ರತೆಗೆ ಅನುಗುಣವಾಗಿ ಮಾನವು ನಾಲ್ಕು ಬಗೆ. ಒಂದು ಕಲ್ಲಿನಂತೆ, ಎಷ್ಟು ಕಾಲ ಕಳೆದರೂ ಬಾಗದು. ಇನ್ನೊಂದು ಎಲುಬಿನಂತೆ, ಮತ್ತೊಂದು ಮರದಂತೆ, ಕೊನೆಯದು ಬೆತ್ತದಂತೆ ಸುಲಭವಾಗಿ ಬಾಗುವಂಥದು. ಕ್ರಮವಾಗಿ ಅವು ನರಕ, ತಿರ್ಯಂಚ, ಮನುಷ್ಯ, ದೇವ ಗತಿಗಳಿಗೆ ಕಾರಣವಾಗುತ್ತವೆ. ಬಂಡೆಯನ್ನು ಕಡೆಸಿ ಜಗತ್ತೇ ಬೆರಗಾಗುವಂತೆ ಮಾಡಿದವನ ನಿಮಿತ್ತವಾಗಿ ಹುಟ್ಟಿದ ಗ್ರಂಥದಲ್ಲಿಯೇ ಮಾನಕ್ಕೆ ಕಲ್ಲಿನ ಹೋಲಿಕೆ ಬಂದಿರುವುದನ್ನು ನಾವು ನೆನಪಿನಲ್ಲಿಡಬೇಕು. ಕಲ್ಲು ಅವನ ಕೈಕೆಳಗೆ ಬಾಗಿತು. ಮನಸ್ಸಿನೊಳಗಿನ ಕಲ್ಲನ್ನು ಬಾಗಿಸುವ ಕೆಲಸ ಅದಕ್ಕಿಂತ ದೀರ್ಘವಾದದ್ದು.

ಬಿರುದುಗಳ ಪಟ್ಟಿ

978ರಲ್ಲಿ ಚಾವುಂಡರಾಯನು ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದು ಮುಗಿಸಿದನು. ಚಾವುಂಡರಾಯ ಪುರಾಣವೆಂದೇ ಪ್ರಸಿದ್ಧವಾದ ಈ ಗ್ರಂಥ ಅರವತ್ತಮೂರು ಶಲಾಕಾ ಪುರುಷರ ಚರಿತ್ರೆ. ಕನ್ನಡದ ಪ್ರಾಚೀನ ಗದ್ಯಕೃತಿಗಳಲ್ಲಿ ಇದಕ್ಕೆ ಗೌರವದ ಸ್ಥಾನವಿದೆ. ಈ ವಸ್ತು ತನ್ನದಲ್ಲ, ಜಿನಸೇನ ಗುಣಭದ್ರರಂಥ ಪೂರ್ವಾಚಾರ್ಯರಿಂದ ಹರಿದುಬಂದದ್ದು ಎಂಬ ಕೃತಜ್ಞತೆಯ ಸ್ಮರಣೆ ಅದರಲ್ಲಿದೆ. ಸಂಸ್ಕೃತದಲ್ಲಿ ಚಾರಿತ್ರಸಾರವೆಂಬ ಆಚಾರಗ್ರಂಥವೂ ಇವನ ಹೆಸರಿನಲ್ಲಿದೆ.

ಈ ಪುರಾಣದಲ್ಲಿ ಚಾವುಂಡರಾಯನು ತನ್ನ ಬಿರುದುಗಳನ್ನು ಹೇಳಿಕೊಂಡಿದ್ದಾನೆ. ಖೇಡಗದ ಯುದ್ಧದಲ್ಲಿ ವಜ್ಜಳದೇವನನ್ನು ಸೋಲಿಸಿದ್ದಕ್ಕೆ ಸಮರಧುರಂಧರ. ಗೋನೂರಿನ ಬಯಲಿನಲ್ಲಿ ನೊಳಂಬರೊಡನೆ ಕಾದಿದ್ದಕ್ಕೆ ವೀರಮಾರ್ತಂಡ. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಹೋರಾಡಿದ್ದಕ್ಕೆ ರಣರಂಗಸಿಂಗ. ಬಾಗೆಯೂರಿನ ಕೋಟೆಯಲ್ಲಿ ತ್ರಿಭುವನವೀರನನ್ನು ಕೊಂದದ್ದಕ್ಕೆ ವೈರಿಕುಲಕಾಲದಂಡ. ತಮ್ಮನಾದ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಸಂಹರಿಸಿದ್ದಕ್ಕೆ ಸಮರಪರಶುರಾಮ. ಹೀಗೆ ಯುದ್ಧದ ಬಿರುದುಗಳು ಮುಗಿದ ಮೇಲೆ ಬೇರೊಂದು ಬಗೆಯ ಬಿರುದುಗಳು ಬರುತ್ತವೆ. ಸಮ್ಯಕ್ತ್ವರತ್ನಾಕರ, ಶೌಚಾಭರಣ, ಗುಣರತ್ನಭೂಷಣ. ತಮಾಷೆಗೂ ಸುಳ್ಳಾಡದವನೆಂಬ ಕಾರಣಕ್ಕೆ ಸತ್ಯಯುಧಿಷ್ಠಿರ.

ಇಂದಿನ ಓದುಗನಿಗೆ ಇದು ಆತ್ಮಪ್ರಶಂಸೆಯಂತೆ ತೋರಬಹುದು. ವೈರಿಕುಲಕ್ಕೆ ಯಮದಂಡವೆಂಬ ಬಿರುದು ವಿನಯದ ಮಾತೆಂದು ಯಾರೂ ಹೇಳಲಾರರು. ಆದರೆ ಪಟ್ಟಿಯ ಕ್ರಮವನ್ನು ಗಮನಿಸಿದರೆ ಇನ್ನೊಂದು ಅಂಶ ಕಾಣುತ್ತದೆ. ಯುದ್ಧದ ಬಿರುದುಗಳಿಗೆ ಸ್ಥಳ, ಎದುರಾಳಿ, ಕಾರ್ಯ ಎಂಬ ಆಧಾರಗಳು ಜೊತೆಯಾಗಿವೆ. ಯಾವ ಕೋಟೆ, ಯಾವ ಬಯಲು, ಯಾರ ಎದುರು ಎಂಬುದನ್ನು ಹೇಳಿದ ಮೇಲೆ ಬಿರುದು ಬರುತ್ತದೆ. ಆ ಯುದ್ಧಗಳಲ್ಲಿ ಅವನೊಡನೆ ಕಾದಿದ ಸೈನಿಕರು, ಅವನ ಎದುರಾಗಿ ನಿಂತವರ ಬಂಧುಗಳು ಆಗ ಇನ್ನೂ ಬದುಕಿದ್ದ ಕಾಲ ಅದು. ಸುಳ್ಳು ಸೇರಿಸಿದ್ದರೆ ಹಿಡಿದು ತೋರಿಸುವವರು ನೂರಾರು ಮಂದಿ ಇರುತ್ತಿದ್ದರು. ಬಿರುದು ಆ ಕಾಲದಲ್ಲಿ ಅರಸನ ಸೇವೆಯ ದಾಖಲೆಯೂ ಆಗಿತ್ತು. ಇಂದು ನಾವು ಸೇವಾಪುಸ್ತಕದಲ್ಲಿ ಬರೆಸುವ ವಿವರಗಳಂತೆ ಅದಕ್ಕೆ ಲೌಕಿಕವಾದ ಒಂದು ಉಪಯೋಗವಿತ್ತು.

ಸಮರಪರಶುರಾಮನೆಂಬ ಬಿರುದಿನ ಹಿಂದೆ ತಮ್ಮನನ್ನು ಕಳೆದುಕೊಂಡ ಅಣ್ಣನ ನೋವೂ ಸೇಡೂ ಇವೆ. ಅದನ್ನು ಅವನು ಮರೆಮಾಚಲಿಲ್ಲ, ಧರ್ಮಕಾರ್ಯವೆಂದು ಅಲಂಕರಿಸಲೂ ಇಲ್ಲ. ಕೊಂದವನನ್ನು ಕೊಂದೆನೆಂಬ ಸಂಗತಿಯನ್ನು ಸಂಗತಿಯಾಗಿಯೇ ಬಿಟ್ಟನು. ರಾಜ್ಯರಕ್ಷಣೆಯ ಹೊಣೆ ಹೊತ್ತ ಗೃಹಸ್ಥನಿಗೆ ವಿರೋಧಿ ಹಿಂಸೆ ಅನಿವಾರ್ಯವೆಂದು ಶ್ರಾವಕಾಚಾರ ಒಪ್ಪುತ್ತದೆಯಾದರೂ ಅದು ಹೆಮ್ಮೆಪಡುವ ವಿಷಯವೆಂದು ಎಲ್ಲಿಯೂ ಹೇಳುವುದಿಲ್ಲ. ಚಾವುಂಡರಾಯನು ಕತ್ತಿಯಿಂದ ಪಡೆದ ಹೆಸರುಗಳನ್ನೂ ವ್ರತದಿಂದ ಪಡೆದ ಹೆಸರುಗಳನ್ನೂ ಒಂದೇ ಕಡೆ ಇಟ್ಟನು. ಯಾವುದು ದೊಡ್ಡದೆಂಬ ತೀರ್ಮಾನ ಅವನ ಮುಂದಿನ ಕಾರ್ಯದಲ್ಲಿ ಕಾಣುತ್ತದೆ.

ಬೆಟ್ಟದ ಮೇಲಿನ ಎರಡು ಬರಹಗಳು

ಪುರಾಣ ಮುಗಿದ ಕೆಲವೇ ವರ್ಷಗಳಲ್ಲಿ, ಸಾಮಾನ್ಯವಾಗಿ ಒಪ್ಪಿರುವಂತೆ 981ರಲ್ಲಿ, ಶ್ರವಣಬೆಳಗೊಳದ ವಿಂಧ್ಯಗಿರಿಯ ನೆತ್ತಿಯಲ್ಲಿ ಬಾಹುಬಲಿಯ ಪ್ರತಿಷ್ಠೆಯಾಯಿತು. ಚಾವುಂಡರಾಯನ ತಾಯಿ ಕಾಳಲಾದೇವಿಯು ಪೌದನಪುರದ ಬಾಹುಬಲಿಯ ದರ್ಶನವಾಗುವವರೆಗೆ ಹಾಲು ಸೇವಿಸುವುದಿಲ್ಲವೆಂದು ನಿಯಮ ತೊಟ್ಟಳೆಂದೂ, ಮಗನು ತಾಯಿಯೊಡನೆ ಯಾತ್ರೆ ಹೊರಟು ಚಂದ್ರಗಿರಿಯಲ್ಲಿ ತಂಗಿದಾಗ ಸ್ವಪ್ನದಲ್ಲಿ ದೊರೆತ ಸೂಚನೆಯಂತೆ ಎದುರಿನ ಬೆಟ್ಟದತ್ತ ಬಾಣ ಬಿಟ್ಟನೆಂದೂ, ಆ ಬಾಣ ತಾಗಿದ ಕಡೆ ಸ್ವಾಮಿಯ ರೂಪ ಕಾಣಿಸಿತೆಂದೂ ಭಕ್ತರ ಪರಂಪರೆ ನಂಬಿಕೊಂಡು ಬಂದಿದೆ. ಐತಿಹ್ಯದ ಪ್ರಕಾರವೂ ಈ ಮಹಾಕಾರ್ಯದ ಮೂಲ ತಾಯಿಯ ವ್ರತ. ಅದಕ್ಕೆ ದಾರಿ ತೋರಿದವರು ಗುರುಗಳು. ಕಲ್ಲಿನಲ್ಲಿ ಮೂಡಿಸಿದವರು ಶಿಲ್ಪಿಗಳು. ಚಾವುಂಡರಾಯನ ಪಾಲಿಗೆ ಬಂದದ್ದು ಸಂಕಲ್ಪ, ದ್ರವ್ಯ ಮತ್ತು ಹೊಣೆ.

ಸುಮಾರು 58 ಅಡಿ ಎತ್ತರದ ಏಕಶಿಲಾ ಮೂರ್ತಿಯನ್ನು ನಿಲ್ಲಿಸಿದವನು ಅದರ ಬಗ್ಗೆ ಎಷ್ಟು ಬರೆಸಬಹುದಿತ್ತು! ಎತ್ತರ, ವೆಚ್ಚ, ಕಾಲ, ಇಂಥದು ಭೂಮಿಯ ಮೇಲೆ ಬೇರೆಲ್ಲೂ ಇಲ್ಲವೆಂಬ ಘೋಷಣೆ, ತನ್ನ ಕುಲದ ವರ್ಣನೆ, ಮೊದಲೇ ಸಿದ್ಧವಾಗಿದ್ದ ಬಿರುದುಗಳ ಸಾಲು. ಸ್ವಾಮಿಯ ಪಾದಗಳ ಬಳಿ, ಹುತ್ತವನ್ನು ಕೆತ್ತಿರುವ ಕಲ್ಲಿನ ಮೇಲೆ ಇಂದು ನಮಗೆ ಕಾಣುವುದು ಒಂದು ಚಿಕ್ಕ ಸಾಲು ಮಾತ್ರ. ಅದರಲ್ಲಿ ಗೌರವಸೂಚಕವಾದ ಶ್ರೀಕಾರ, ಅವನ ಹೆಸರು, ಮತ್ತು ಮಾಡಿಸಿದನೆಂಬ ಅರ್ಥದ ಒಂದು ಕ್ರಿಯಾಪದ ಇವಿಷ್ಟೇ ಇವೆ. ವೀರಮಾರ್ತಂಡನಿಲ್ಲ, ರಣರಂಗಸಿಂಗನಿಲ್ಲ. ಸತ್ಯಯುಧಿಷ್ಠಿರನೂ ಇಲ್ಲ. ಅದೇ ಮಾತು ಕನ್ನಡ, ತಮಿಳು, ಮರಾಠಿ ಎಂಬ ಮೂರು ಭಾಷೆಗಳಲ್ಲಿದೆ. ಬೇರೆ ಬೇರೆ ನಾಡುಗಳಿಂದ ಬರುವ ಯಾತ್ರಿಕರು ತಮ್ಮ ತಮ್ಮ ನುಡಿಯಲ್ಲಿ ಓದಿ ತಿಳಿಯಲೆಂಬ ಭಾವ ಅಲ್ಲಿ ಸ್ಪಷ್ಟ.

ಆ ಕ್ರಿಯಾಪದವನ್ನು ಇನ್ನೂ ಸ್ವಲ್ಪ ಗಮನಿಸಬೇಕು. ಮಾಡಿದನು ಎಂದರೆ ಕರ್ತೃ ಒಬ್ಬನೇ. ಮಾಡಿಸಿದನು ಎಂದೊಡನೆ ಮಾಡಿದವರು ಬೇರೆ ಇದ್ದಾರೆಂಬುದು ಮಾತಿನೊಳಗೇ ಸೇರಿಬಿಡುತ್ತದೆ. ಕನ್ನಡದ ವ್ಯಾಕರಣವೇ ಇಲ್ಲಿ ವಿನಯವನ್ನು ಕಲಿಸುತ್ತದೆ. ತನ್ನ ಪಾಲನ್ನು ಹೇಳಲು ಅವನು ಸಂಕೋಚಪಡಲಿಲ್ಲ. ಹೆಸರನ್ನು ಸ್ಪಷ್ಟವಾಗಿ ಬರೆಸಿದನು. ಆದರೆ ಶಿಲ್ಪಿಯ ಉಳಿಯ ಕೆಲಸವನ್ನು ತನ್ನ ಕೆಲಸವೆಂದು ಹೇಳಿಕೊಳ್ಳಲೂ ಇಲ್ಲ. ಎಷ್ಟು ತನ್ನದೋ ಅಷ್ಟೇ. ಚಂದ್ರಗಿರಿಯ ಮೇಲೆ ಅವನ ಹೆಸರಿನ ಬಸದಿಯ ಬಾಗಿಲ ಬಳಿಯಲ್ಲೂ ಅವನು ಅದನ್ನು ಮಾಡಿಸಿದನೆಂಬ ಇಂಥದೇ ಸರಳ ಬರಹವಿದೆ.

ಅದೇ ವಿಂಧ್ಯಗಿರಿಯ ಮೇಲೆ ಚಾವುಂಡರಾಯನ ಇನ್ನೊಂದು ಬರಹವೂ ಇದೆ. ತ್ಯಾಗದ ಬ್ರಹ್ಮದೇವರ ಕಂಬವೆಂದು ಕರೆಯುವ, ಸೊಗಸಾದ ಬಳ್ಳಿಯ ಕೆತ್ತನೆಯುಳ್ಳ ಕಂಬದ ಮೇಲೆ ಅವನ ಕುಲ ಮತ್ತು ಯುದ್ಧವಿಜಯಗಳನ್ನು ವರ್ಣಿಸುವ ದೀರ್ಘ ಶಾಸನವೊಂದನ್ನು ಕೆತ್ತಲಾಗಿತ್ತು. ಬ್ರಹ್ಮಕ್ಷತ್ರ ಕುಲವೆಂಬ ಉದಯಗಿರಿಯಲ್ಲಿ ಮೂಡಿದ ಸೂರ್ಯನಂತೆ ಅವನನ್ನು ಚಿತ್ರಿಸುವ ಪ್ರೌಢ ಶ್ಲೋಕಗಳು ಅದರಲ್ಲಿವೆ. ಕಂಬದ ನಾಲ್ಕು ಮುಖಗಳಲ್ಲಿ ಆ ಶಾಸನ ಈಗ ಉಳಿದಿರುವುದು ಒಂದೇ ಮುಖದಲ್ಲಿ. ಸುಮಾರು 1200ರ ಹೊತ್ತಿಗೆ ಹೆಗ್ಗಡೆ ಕಣ್ಣ ಎಂಬವನು ಕಂಬಕ್ಕೆ ಯಕ್ಷನ ಮೂರ್ತಿಯನ್ನು ಮಾಡಿಸಿ, ಆ ಸಂಗತಿಯನ್ನು ಎರಡೂವರೆ ಸಾಲಿನಲ್ಲಿ ಬರೆಸುವುದಕ್ಕಾಗಿ ಮೂರು ಮುಖಗಳ ಹಳೆಯ ಬರಹವನ್ನು ಅಳಿಸಿಹಾಕಿಸಿದನೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಮೂರ್ತಿಯ ಪ್ರತಿಷ್ಠೆಯ ವಿವರಗಳು ಅಲ್ಲಿ ಇದ್ದಿರಬಹುದೆಂದು ಇತಿಹಾಸಕಾರರು ಇಂದಿಗೂ ಮರುಗುತ್ತಾರೆ. ಒಂದೇ ಬೆಟ್ಟ, ಒಬ್ಬನೇ ಮನುಷ್ಯ, ಎರಡು ಬರಹಗಳು. ವಿಸ್ತಾರವಾದ ಪ್ರಶಸ್ತಿ ಮುಕ್ಕಾಲು ಪಾಲು ಅಳಿದುಹೋಯಿತು. ಪಾದದ ಬಳಿಯ ಚಿಕ್ಕ ಸಾಲು ಸಾವಿರ ವರ್ಷ ದಾಟಿ ನಿಂತಿದೆ.

ಪುರಾಣ ಬಲ್ಲವರಿಗೆ ಇಲ್ಲಿ ಭರತ ಚಕ್ರವರ್ತಿಯ ನೆನಪಾಗದಿರದು. ಷಟ್ಖಂಡಗಳನ್ನು ಗೆದ್ದ ಭರತನು ತನ್ನ ದಿಗ್ವಿಜಯವನ್ನು ಬರೆಸಲು ವೃಷಭಾಚಲಕ್ಕೆ ಹೋಗುತ್ತಾನೆ. ತನ್ನಂಥವನು ಬೇರೊಬ್ಬನಿಲ್ಲವೆಂಬ ಭಾವ ಅವನ ಮನಸ್ಸಿನಲ್ಲಿದೆ. ಆದರೆ ಪರ್ವತವು ಹಿಂದೆ ಆಗಿಹೋದ ಅಸಂಖ್ಯ ಚಕ್ರವರ್ತಿಗಳ ಹೆಸರುಗಳಿಂದ ತುಂಬಿಹೋಗಿದೆ. ಒಂದು ಪ್ರಶಸ್ತಿಗೂ ಜಾಗವಿಲ್ಲ. ಗರ್ವ ಇಳಿದರೂ ಅವನು ಯಾರೋ ಒಬ್ಬ ಹಿಂದಿನವನ ಹೆಸರನ್ನು ಅಳಿಸಿ ತನ್ನ ಹೆಸರನ್ನು ಬರೆಸುತ್ತಾನೆ. ಮುಂದೊಬ್ಬನು ತನ್ನ ಹೆಸರನ್ನೂ ಅಳಿಸುವನೆಂಬ ಅರಿವು ಆ ಕ್ಷಣದಲ್ಲೇ ಅಡಗಿದೆ. ಅರವತ್ತಮೂರು ಶಲಾಕಾ ಪುರುಷರ ಚರಿತ್ರೆಯನ್ನು ಕನ್ನಡಿಸಿದ ಚಾವುಂಡರಾಯನಿಗೆ ಭರತನ ಈ ಕಥೆ ಪರಿಚಿತ. ಅವನ ಕಂಬಕ್ಕೇ ವೃಷಭಾಚಲದ ಗತಿ ಒದಗಿದುದು ಕರ್ಮಸಿದ್ಧಾಂತ ಬಲ್ಲವರಿಗೆ ಅಚ್ಚರಿಯ ಸಂಗತಿಯಲ್ಲ.

ಗುಳ್ಳಕಾಯಜ್ಜಿಯ ಹಾಲು

ಚಾವುಂಡರಾಯನನ್ನು ಮಾನಕಷಾಯ ಮುಟ್ಟಲೇ ಇಲ್ಲವೆಂದು ಪರಂಪರೆ ಹೇಳುವುದಿಲ್ಲ. ಆ ಪ್ರಾಮಾಣಿಕತೆಯೇ ಅವನ ಕಥೆಗೆ ಬೆಲೆ ತಂದಿದೆ. ಮೂರ್ತಿ ಪೂರ್ಣವಾಗಿ ಮೊದಲ ಅಭಿಷೇಕ ನಡೆದಾಗ ಇಂಥದೊಂದು ಕಾರ್ಯವನ್ನು ಬೇರೆ ಯಾರು ಮಾಡಬಲ್ಲರೆಂಬ ಭಾವ ಅವನೊಳಗೆ ಮಿಂಚಿತಂತೆ. ಕೊಡಕೊಡ ಹಾಲನ್ನು ಸುರಿದರೂ ಅದು ಸ್ವಾಮಿಯ ತೊಡೆಗಳಿಂದ ಕೆಳಗೆ ಇಳಿಯಲಿಲ್ಲ. ನೆರೆದವರೆಲ್ಲ ಕಂಗಾಲಾಗಿರುವಾಗ ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ಒಂದಿಷ್ಟು ಹಾಲು ಹಿಡಿದು ಬಂದು ಅಭಿಷೇಕಕ್ಕೆ ಅವಕಾಶ ಬೇಡಿದಳು. ಅವಳು ಎರೆದ ಆ ಗುಟುಕು ಹಾಲು ಶಿರದಿಂದ ಪಾದದವರೆಗೆ ಹರಿದು, ಬೆಟ್ಟವನ್ನೂ ತೋಯಿಸಿ ಕೆಳಗೆ ಇಳಿಯಿತು. ಶಾಸನದೇವತೆ ಕೂಷ್ಮಾಂಡಿನಿಯೇ ಆ ರೂಪದಲ್ಲಿ ಬಂದಳೆಂದು ಭಕ್ತರು ನಂಬುತ್ತಾರೆ.

ಈ ಕಥೆಯಲ್ಲಿ ಚಾವುಂಡರಾಯನ ತಪ್ಪು ಯಾವುದು? ತಾನು ಮಾಡಿಸಿದೆನೆಂದು ಹೇಳಿದ್ದು ತಪ್ಪಾಗಿದ್ದರೆ ಪಾದದ ಬಳಿಯ ಸಾಲು ಉಳಿಯಬಾರದಿತ್ತು. ಬೇರೆ ಯಾರು ಮಾಡಬಲ್ಲರೆಂಬ ಹೋಲಿಕೆ ಅವನ ಮನಸ್ಸಿನಲ್ಲಿ ಹುಟ್ಟಿದ್ದು ತಪ್ಪು. ಹೋಲಿಕೆ ಬಂದೊಡನೆ ಎದುರಿಗೆ ಒಬ್ಬ ಕೀಳಾದವನು ಬೇಕಾಗುತ್ತದೆ. ತತ್ತ್ವಾರ್ಥಸೂತ್ರವು ಆತ್ಮಪ್ರಶಂಸೆಯ ಪಕ್ಕದಲ್ಲಿಯೇ ಪರನಿಂದೆಯನ್ನು ಇಟ್ಟ ಕಾರಣ ಇಲ್ಲಿ ತಿಳಿಯುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ ಎಂಬ ಎಂಟನ್ನು ಆಶ್ರಯಿಸಿ ಹುಟ್ಟುವ ಮದವನ್ನು ಹೇಳಿದ್ದಾರೆ. ಜ್ಞಾನವಿರುವುದು ದೋಷವಲ್ಲ, ಬಲವಿರುವುದೂ ದೋಷವಲ್ಲ. ಅದನ್ನು ಊರುಗೋಲಾಗಿ ಹಿಡಿದು ಇನ್ನೊಬ್ಬರನ್ನು, ಅದರಲ್ಲೂ ಸಹಧರ್ಮಿಗಳನ್ನು, ತುಚ್ಛವಾಗಿ ಕಾಣುವುದು ದೋಷ. ಚಾವುಂಡರಾಯನಿಗೆ ಕುಲವಿತ್ತು, ಬಲವಿತ್ತು, ಐಶ್ವರ್ಯವಿತ್ತು, ವಿದ್ಯೆಯಿತ್ತು. ಅವನ ಮುಂದೆ ನಿಂತ ಮುದುಕಿಗೆ ಹಾಲು ತರಲು ಒಂದು ಪಾತ್ರೆಯೂ ಇರಲಿಲ್ಲ. ಆದರೂ ಸ್ವಾಮಿಯ ಪಾದ ಮುಟ್ಟಿದ್ದು ಅವಳ ಹಾಲು.

ಅವನ ದೊಡ್ಡತನ ಮುಂದಿನ ನಡೆಯಲ್ಲಿದೆ. ಗೊಮ್ಮಟನ ಎದುರಿಗೆ, ಆವರಣದ ಹೊರಗೆ, ಕೈಯಲ್ಲಿ ಗುಳ್ಳಕಾಯಿ ಹಿಡಿದ ಅಜ್ಜಿಯ ಮೂರ್ತಿ ಇಂದಿಗೂ ನಿಂತಿದೆ. ತನ್ನ ಮಾನಭಂಗಕ್ಕೆ ಕಾರಣಳಾದವಳ ನೆನಪನ್ನು ಚಾವುಂಡರಾಯನೇ ಅಲ್ಲಿ ಉಳಿಸಿದನೆಂದು ಪರಂಪರೆ ಹೇಳುತ್ತದೆ. 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ ಬರುವ ಯಾತ್ರಿಕರು ಮಾಡಿಸಿದವನ ಹೆಸರನ್ನೂ ಅವನ ಗರ್ವ ಇಳಿಸಿದವಳ ಮುಖವನ್ನೂ ಒಂದೇ ಸ್ಥಳದಲ್ಲಿ ನೋಡುತ್ತಾರೆ. ಸಾಧನೆಯನ್ನು ದಾಖಲಿಸಿದಂತೆಯೇ ಸೋಲನ್ನೂ ದಾಖಲಿಸುವ ಮನಸ್ಸಿಗೆ ಜಂಬದ ಭಯವಿಲ್ಲ.

ಇತರರ ಬಾಯಲ್ಲಿ

ತನ್ನ ಬಗ್ಗೆ ಮಿತವಾಗಿ ಹೇಳಿದವನನ್ನು ಲೋಕ ಮರೆಯುತ್ತದೆಂಬ ಭಯಕ್ಕೂ ಈ ಬದುಕಿನಲ್ಲಿ ಉತ್ತರವಿದೆ. ಗೊಮ್ಮಟಸಾರದ ಕರ್ಮಕಾಂಡದ ಕೊನೆಯ ಗಾಹೆಗಳಲ್ಲಿ ನೇಮಿಚಂದ್ರಾಚಾರ್ಯರು ಗೊಮ್ಮಟರಾಯನಿಗೆ ಜಯವನ್ನು ಹಾರೈಸಿ, ಅವನು ಮಾಡಿಸಿದ ಕಾರ್ಯಗಳನ್ನು ನೆನೆದಿದ್ದಾರೆ. ಗುರುವು ಶಿಷ್ಯನನ್ನು ಗ್ರಂಥದೊಳಗೆ ಸ್ಮರಿಸುವುದಕ್ಕಿಂತ ದೊಡ್ಡ ಬಿರುದು ಯಾವುದು? ಕವಿಚಕ್ರವರ್ತಿ ರನ್ನನು ಚಾವುಂಡರಾಯನಿಂದ ಆಶ್ರಯ ಪಡೆದವನು. ಕೃತಜ್ಞತೆಯಿಂದ ತನ್ನ ಮಗನಿಗೆ ರಾಯನೆಂಬ ಹೆಸರನ್ನೂ, ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ ಮಗಳಿಗೆ ಅತ್ತಿಮಬ್ಬೆಯೆಂಬ ಹೆಸರನ್ನೂ ಇಟ್ಟನು. ಚಾವುಂಡರಾಯನ ಮಗ ಜಿನದೇವಣನು ಬೆಳಗೊಳದಲ್ಲಿ ಜಿನಾಲಯವನ್ನು ಮಾಡಿಸಿ ತಂದೆಯ ದಾರಿಯಲ್ಲಿ ನಡೆದನು.

ಇನ್ನೊಂದು ಸಂಗತಿ ಇದಕ್ಕಿಂತ ಮನೋಹರವಾದದ್ದು. ಸುಮಾರು ಒಂದೂಕಾಲು ಶತಮಾನದ ನಂತರ ಹೊಯ್ಸಳ ವಿಷ್ಣುವರ್ಧನನ ಸೇನಾಪತಿ ಗಂಗರಾಜನು ಗೊಮ್ಮಟನ ಸುತ್ತಲಿನ ಸುತ್ತಾಲಯವನ್ನು ಕಟ್ಟಿಸಿದನು. ಅವನೂ ಮಹಾವೀರನೇ, ಅವನಿಗೂ ಬಿರುದುಗಳಿದ್ದವು. ಆದರೆ ಚಾವುಂಡರಾಯನ ಸಾಲಿನ ಪಕ್ಕದಲ್ಲಿ ಬರೆಸುವಾಗ ಅವನು ಅದೇ ಅಳತೆಯನ್ನು ಅನುಸರಿಸಿದನು. ಹೆಸರು, ಸುತ್ತಾಲಯವೆಂಬ ಮಾತು, ಮಾಡಿಸಿದನೆಂಬ ಕ್ರಿಯಾಪದ.  ಮೂರ್ತಿ ಅವನದಲ್ಲ, ಸುತ್ತಾಲಯ ಮಾತ್ರ ಅವನದು, ಅಷ್ಟನ್ನೇ ಹೇಳಿದನು. ಹಿಂದಿನವನ ಹೆಸರನ್ನು ಅಳಿಸದೆ ಅದರ ಬಳಿಯಲ್ಲಿ ತನ್ನ ಪಾಲನ್ನು ಸೇರಿಸಿದನು. ಹೆಗ್ಗಡೆ ಕಣ್ಣನ ದಾರಿ ಒಂದು, ಗಂಗರಾಜನ ದಾರಿ ಇನ್ನೊಂದು. ಹಿರಿಯನೊಬ್ಬನು ಮಿತವಾಗಿ ಹೇಳಿದ ಮಾತು ಕಿರಿಯರಿಗೆ ಹೇಗೆ ಮೇಲ್ಪಂಕ್ತಿಯಾಗುತ್ತದೆಂಬುದಕ್ಕೆ ಇದು ನಿದರ್ಶನ.

ಗಂಗ ಸಾಮ್ರಾಜ್ಯ ಹೆಚ್ಚು ಕಾಲ ಉಳಿಯಲಿಲ್ಲ. 1004ರ ಸುಮಾರಿಗೆ ಚೋಳರು ತಲಕಾಡನ್ನು ಗೆದ್ದುಕೊಂಡರು. ಚಾವುಂಡರಾಯನು ಗೆದ್ದ ಕೋಟೆಗಳು ಬೇರೆಯವರ ವಶವಾದವು. ಅವನು ಸೋಲಿಸಿದವರ ಹೆಸರುಗಳು ಇಂದು ಶಾಸನ ಓದುವವರಿಗೆ ಮಾತ್ರ ಗೊತ್ತು. ಅವನು ಮಾಡಿಸಿದ ಮೂರ್ತಿಯ ಮುಂದೆ ಮಾತ್ರ ಇಂದಿಗೂ ಜನ ಕೈಮುಗಿದು ನಿಲ್ಲುತ್ತಾರೆ.

ನಮಗೆ ದೊರೆಯುವ ಅಳತೆಗೋಲು

ಚಾವುಂಡರಾಯನ ಬದುಕಿನಿಂದ ಇಂದಿನ ಉದ್ಯೋಗಸ್ಥ ಶ್ರಾವಕರು ಕೆಲವು ಅಳತೆಗಳನ್ನು ತೆಗೆದುಕೊಳ್ಳಬಹುದು. ಮೊದಲನೆಯದು, ಬಿರುದಿಗಿಂತ ಮುಂಚೆ ಸಂಗತಿಯನ್ನು ಹೇಳುವುದು. ತಾನು ಸಮರ್ಥನು, ದಕ್ಷನು ಎಂಬ ವಿಶೇಷಣಗಳನ್ನು ಬಿಟ್ಟು ಯಾವ ಕೆಲಸ, ಯಾವಾಗ, ಎಷ್ಟು, ಫಲವೇನು ಎಂದು ತಿಳಿಸಿದರೆ ಸತ್ಯವ್ರತಕ್ಕೆ ಭಂಗವಿಲ್ಲ, ಕೇಳುವವರಿಗೂ ಉಪಯೋಗ. ಎರಡನೆಯದು, ಮಾಡಿದ್ದು ಯಾವುದು, ಮಾಡಿಸಿದ್ದು ಯಾವುದು, ಇತರರೊಡನೆ ಸೇರಿ ಮಾಡಿದ್ದು ಯಾವುದೆಂಬ ವಿವೇಕ. ತಂಡದ ಕೆಲಸವನ್ನು ತನ್ನೊಬ್ಬನದೆಂದು ಹೇಳುವುದು ಅಚೌರ್ಯವ್ರತಕ್ಕೂ ಒಪ್ಪುವಂಥದಲ್ಲ. ಮೂರನೆಯದು, ಹೋಲಿಕೆಯನ್ನು ಬಿಡುವುದು. ತನ್ನ ಕೆಲಸದ ಬೆಲೆಯನ್ನು ಹೇಳಲು ಸಹೋದ್ಯೋಗಿಯ ದೋಷವನ್ನು ಎತ್ತಿ ತೋರಿಸಬೇಕಾಗಿಲ್ಲ. ಪರರ ದೋಷವನ್ನು ಮುಚ್ಚುವ ಉಪಗೂಹನವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ನಾಲ್ಕನೆಯದು, ಸ್ಥಳವನ್ನರಿತು ಹೇಳುವುದು. ಪುರಾಣದಲ್ಲಿ ಬಿರುದುಗಳನ್ನು ಹೇಳಿದವನು ಸ್ವಾಮಿಯ ಪಾದದ ಬಳಿ ಅವನ್ನು ತರಲಿಲ್ಲ. ಸಂದರ್ಶನದಲ್ಲಿ ಹೇಳಬೇಕಾದ ಮಾತನ್ನು ಬಸದಿಯ ಅಂಗಳದಲ್ಲಿ, ಬಂಧುಗಳ ಮದುವೆಯಲ್ಲಿ ಹೇಳತೊಡಗಿದರೆ ಅದು ಮಾನಕಷಾಯದ ಆಹಾರವಾಗುತ್ತದೆ.

ಕೇಳುವ ಹಕ್ಕುಳ್ಳವರು ಕೇಳಿದಾಗ, ಮಾಡಿದ್ದನ್ನು ಮಾಡಿಲ್ಲವೆಂಬಂತೆ ಹೇಳುವುದು ವಿನಯವಾಗಲಾರದು. ಒಳಗೆ ಹೊಗಳಿಕೆಯನ್ನು ಬಯಸುತ್ತ ಹೊರಗೆ ತನ್ನದೇನೂ ಇಲ್ಲವೆನ್ನುವುದು ಮಾಯೆಯೆಂಬ ಮೂರನೆಯ ಕಷಾಯ. ಮಾನದಿಂದ ತಪ್ಪಿಸಿಕೊಳ್ಳಲು ಹೋಗಿ ಮಾಯೆಯ ಕೈಗೆ ಸಿಕ್ಕರೆ ಲಾಭವೇನು? ಸ್ವಾಮಿಯ ಸನ್ನಿಧಿಯಲ್ಲೂ ಚಾವುಂಡರಾಯನು ತನ್ನ ಹೆಸರನ್ನು ಬರೆಸಲು ಹಿಂಜರಿಯಲಿಲ್ಲ. ಹೆಸರು ಹೇಳುವ ಧೈರ್ಯ ಮತ್ತು ಅಲ್ಲಿಗೇ ನಿಲ್ಲಿಸುವ ಸಂಯಮ ಎರಡೂ ಸೇರಿ ಉತ್ತಮ ಮಾರ್ದವವಾಗುತ್ತದೆ.

ದಶಲಕ್ಷಣ ಪರ್ವದಲ್ಲಿ ಉತ್ತಮ ಕ್ಷಮೆಯ ಮರುದಿನವೇ ಮಾರ್ದವಧರ್ಮದ ಆರಾಧನೆ ಬರುತ್ತದೆ. ಆ ದಿನಕ್ಕಾಗಿ ಕಾಯಬೇಕಾಗಿಲ್ಲ. ಮುಂದಿನ ಬಾರಿ ತಮ್ಮ ಕೆಲಸದ ವಿವರವನ್ನು ಬರೆಯಲು ಕುಳಿತಾಗ ಓದುಗರು ವಿಂಧ್ಯಗಿರಿಯ ಆ ಕಲ್ಲನ್ನು ನೆನೆಯಲಿ. ಬರೆದುದರಲ್ಲಿ ಇಲ್ಲದ್ದು ಸೇರಿದೆಯೇ, ಇನ್ನೊಬ್ಬರ ಪಾಲು ಬಿಟ್ಟುಹೋಗಿದೆಯೇ, ಯಾರನ್ನಾದರೂ ಕೀಳಾಗಿಸಿದೆಯೇ ಎಂದು ಒಮ್ಮೆ ನೋಡಿಕೊಂಡು, ಉಳಿದುದನ್ನು ನಿರ್ಭಯವಾಗಿ ಮುಂದಿಡಲಿ.